ರೈಟ್ರ ಕಬಡ್ಡಿ ಮತ್ತು ನನ್ನ ಎಡಗಾಲು

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ದಿನ ಗಡಿಯಾರ ನೋಡುವ ಕೆಲಸ ನನ್ನದೇ ಆಗಿತ್ತು. ಮಡಿಲಲ್ಲಿ ಅಂಕ ಬರೆಯುವ ಪುಸ್ತಕ, ಅಂಗೈಯಲ್ಲಿ ಬಿಚ್ಚಿ ಹಿಡಿದ ಕೈಗಡಿಯಾರ. ಪಂದ್ಯ ಮುಗಿಯಲು ಇನ್ನು ಎಂಟು ನಿಮಿಷವಿತ್ತು. ನನ್ನ ಗಂಡ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನಡುಗೆರೆ ದಾಟಿ ಹಾನುಬಾಳಿನವರ ಅಂಕಣಕ್ಕೆ ಹೋದರು. ಎಡ ಮೂಲೆಯಲ್ಲಿದ್ದ ಆಟಗಾರ ಅವರ ಕಣಕಾಲಿಗೆ ಬಿದ್ದ. ಹಾಗೆ ಹಿಡಿದಾಗಲೆಲ್ಲ ಇವರು ಮುಂದಕ್ಕೆ ಹಾರಿ ಕೈ ಚಾಚಿ ಗೆರೆ ಮುಟ್ಟುತ್ತಿದ್ದರು. ಅಂದೂ ಹಾರಿದರು. ಆದರೆ ಊರಿದ್ದ ಕಾಲಿನ ಕೆಳಗಿನ ಮಣ್ಣು ಚಾಪೆ ಎಳೆದಂತೆ ಜಾರಿತು. ಕೈ ಮುಂದೆ ಬರುವ ಮೊದಲೇ ಹಣೆ ನೆಲಕ್ಕೆ ಬಡಿಯಿತು. ಮೇಲೆ ಇಬ್ಬರು ಬಿದ್ದರು. ‘ಕಬಡ್ಡಿ’ ಅರ್ಧಕ್ಕೆ ನಿಂತಿತು.

ನಾನು ಹಾನುಬಾಳಿಗೆ ಒಂದು ಅಂಕ ಎಂದು ಬರೆದೆ. ಬರೆದ ಮೇಲೆ ತಲೆ ಎತ್ತಿದೆ. ಮೇಲೆ ಬಿದ್ದಿದ್ದ ಇಬ್ಬರೂ ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದರು. ಇವರು ಮಾತ್ರ ಬೋರಲಾಗಿಯೇ ಇದ್ದರು. ಆ ಪುಸ್ತಕ ಈಗಲೂ ನನ್ನಲ್ಲಿದೆ. ಕೊನೆಯ ಅಂಕದ ಬರವಣಿಗೆ ಉಳಿದವುಗಳಷ್ಟೇ ಅಂದವಾಗಿದೆ. ಅದನ್ನು ನೋಡಿದಾಗ ನನ್ನ ಮೇಲೆ ನನಗೇ ಒಂದು ಬಗೆಯ ಅಸಹ್ಯವಾಗುತ್ತದೆ.

ನನ್ನ ಗಂಡ ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಯಾರು ಯಾವ ಕಡೆಗೆ ಎಂದು ಹಂಚಿ, ಸಂಜೆ ಕೊಯ್ದು ತಂದ ಹಣ್ಣನ್ನು ಅಳೆಸುವ ಕೆಲಸ. ಎಲ್ಲರ ಬಾಯಲ್ಲೂ ಅವರು ‘ರೈಟ್ರು’. ಆ ಕೆಲಸ ಸಿಕ್ಕಿದ್ದೂ ಕಬಡ್ಡಿಯಿಂದಲೇ. ಪ್ರತಿವರ್ಷ ಕೊಯ್ಲು ಮುಗಿದ ಮೇಲೆ ನಮ್ಮ ತಂಡಕ್ಕೂ ಹಾನುಬಾಳಿನ ತಂಡಕ್ಕೂ ಒಂದು ಪಂದ್ಯ ನಡೆಯುತ್ತಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಆಡುವುದು ರೂಢಿ. ಆ ವರ್ಷ ಗದ್ದೆಯಲ್ಲಿ ಶುಂಠಿಗೆ ಮಡಿ ಎತ್ತಿಬಿಟ್ಟಿದ್ದರು. ಹಾಗಾಗಿ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಗದ್ದೆಯ ಮಣ್ಣು ತಂದು ಹರಡಿ, ನೀರು ಚಿಮುಕಿಸಿ, ತುಳಿದು ಅಂಕಣ ಮಾಡಿದರು. ಆ ಯೋಚನೆ ಇವರದೇ, ಉಸ್ತುವಾರಿಯೂ ಇವರದೇ.

“ಕೆಳಗೆ ಸಿಮೆಂಟ್ ಅಲ್ವೇನ್ರೀ?” ಎಂದು ನಾನು ಕೇಳಿದ್ದೆ.

“ಮೇಲೆ ನಾಕು ಬೆರಳು ಮಣ್ಣೈತಲ್ಲೇ. ಕೆಳಗೇನೈತೆ ಅಂತ ನನ್ ಮಂಡಿಗೆ ಹೆಂಗ್ ಗೊತ್ತಾಗ್ಬೇಕು?” ಎಂದಿದ್ದರು.

ಈಗ ನನ್ನ ಕಾಲಿನ ವಿಷಯ ಹೇಳಬೇಕು. ನಾನು ಆಲೂರಿನ ಕಡೆಯವಳು. ಕಾಲು ಮೊದಲಾಗಿ ಹುಟ್ಟಿದವಳು. ನಮ್ಮ ಸೀಮೆಯಲ್ಲಿ ಅಂಥವರಿಗೆ ಒಂದು ಕೆಲಸ ತಾನಾಗಿ ಬರುತ್ತದೆ. ಯಾರಿಗಾದರೂ ಸೊಂಟವೋ ಬೆನ್ನೋ ಉಳುಕಿದರೆ, ಅಂಥವರು ಎಡಗಾಲಿನಿಂದ ಮೂರು ಸಲ ಮುಟ್ಟಿ ಮೆಲ್ಲಗೆ ನೂಕಬೇಕು, ಉಳುಕು ಬಿಡುತ್ತದೆ ಎಂಬುದು ನಂಬಿಕೆ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ನಾನು ಊರಿನ ಹಿರಿಯರ ಬೆನ್ನಿನ ಮೇಲೆ ಕಾಲಿಟ್ಟಿದ್ದೇನೆ. ಹಾಸನದಲ್ಲಿ ಪ್ರಾಣಿಶಾಸ್ತ್ರ ಓದಿ ಪದವಿ ಪಡೆದ ಮೇಲೂ ಅದನ್ನು ಬಿಡಲಿಲ್ಲ. ನಂಬಿಕೆ ಇತ್ತೆಂದಲ್ಲ, ಇಲ್ಲವೆಂದು ಹೇಳಿ ಯಾರ ಮನಸ್ಸನ್ನೂ ನೋಯಿಸುವ ಅಗತ್ಯ ಕಾಣಲಿಲ್ಲ, ಅಷ್ಟೆ. ಮದುವೆಯಾಗಿ ಎಸ್ಟೇಟಿಗೆ ಬಂದ ಮೇಲೆ ನನಗೆ ಸಿಕ್ಕ ಗಿರಾಕಿಗಳು ಕಬಡ್ಡಿಯವರು. ಭಾನುವಾರ ಆಡಿ ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಬಗ್ಗಿ ನಿಲ್ಲುತ್ತಿದ್ದರು.

“ಅಕ್ಕಾ, ಒಂಚೂರು ಜೋರಾಗೇ ಒದ್ದುಬುಡಿ. ರೈಟ್ರ ಮೇಲಿನ ಸಿಟ್ಟೂ ತೀರೋಗ್ಲಿ.”

“ಆ ಸಿಟ್ಟೆಲ್ಲಾ ತೀರ್ಬೇಕಂದ್ರೆ ನಿನ್ ಸೊಂಟ ಉಳಿಯಲ್ಲ ಕಣೋ.”

ಗಂಡನಿಗೆ ಮಾತ್ರ ನಾನು ಕಾಲು ತಾಗಿಸಿದವಳಲ್ಲ. ಹೆಂಡತಿ ಗಂಡನ ಮೈಗೆ ಕಾಲಿಡುವುದುಂಟೇ ಎಂದು ಅವರ ಸೋದರತ್ತೆ ಮದುವೆಯಾದ ವಾರದಲ್ಲೇ ಎಚ್ಚರಿಸಿದ್ದರು. ಸೊಂಟ ಹಿಡಿದುಕೊಂಡಾಗ ಇವರು, “ಊರೋರಿಗೆಲ್ಲಾ ಔಷಧಿ ಐತೆ, ಮನೆಯೋನಿಗೆ ಮಾತ್ರ ಇಲ್ಲ ನೋಡು” ಎಂದು ಗೊಣಗಿ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದರು.

ಆ ಸಂಜೆ ಅದೇ ಸೋದರತ್ತೆ ಕಣದ ಕಟ್ಟೆಯಿಂದ ಇಳಿದು ಓಡಿ ಬಂದರು. “ಕುತ್ತಿಗೆ ಉಳುಕೈತೆ ಕಣ್ರೋ, ಇನ್ನೇನಿಲ್ಲ. ಎಲ್ಲವ್ಳೆ ಅವಳು?” ಎಂದು ನನ್ನ ಮೊಣಕೈ ಹಿಡಿದು ಎಳೆದರು. “ಶಾಸ್ತ್ರ ಆಮೇಲೆ ನೋಡನ. ಮೂರು ಸಲ ಮುಟ್ಸವ್ವ, ಎದ್ದು ಕೂತ್ಕತಾನೆ.”

ಸುತ್ತ ನಿಂತವರೆಲ್ಲ ನನಗೆ ದಾರಿ ಬಿಟ್ಟರು. ನಾನು ಚಪ್ಪಲಿ ಕಳಚಿದೆ. ಬಲಗೈಯಲ್ಲಿ ಸೀರೆಯ ನೆರಿಗೆ ಹಿಡಿದು ಎಡಗಾಲು ಎತ್ತಿದೆ. ಕೆಳಗೆ ಅವರ ಕುತ್ತಿಗೆ, ಅದರ ಮೇಲೆ ಕೆಂಪು ಮಣ್ಣು ಅಂಟಿದ ಬೆವರು. ಆಗ ಅವರು ಮಣ್ಣು ತುಂಬಿದ ಬಾಯಲ್ಲಿ ಏನೋ ಅಂದರು. ಮೊದಲು ಯಾರಿಗೂ ತಿಳಿಯಲಿಲ್ಲ. ಮತ್ತೆ ಅಂದರು.

“ನನ್ ಕೈ ಯಾರೋ ಹಿಡ್ಕಂಡಿರೋದು? ಬುಡ್ರೋ.”

ಅವರ ಕೈಗಳನ್ನು ಯಾರೂ ಹಿಡಿದಿರಲಿಲ್ಲ. ಎರಡೂ ಕೈ ಮಣ್ಣಿನ ಮೇಲೆ ಬಿಟ್ಟಲ್ಲೇ ಬಿದ್ದಿದ್ದವು.

ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಕಪ್ಪೆಯ ತಲೆಯ ಹಿಂದೆ ಸೂಜಿ ಇಳಿಸುತ್ತಿದ್ದೆವು. ಇಳಿಸಿದ ಕೂಡಲೇ ಅದರ ಕಾಲುಗಳು ಸೋತು ಜೋಲುತ್ತಿದ್ದವು. ಅದು ಕಣ್ಣಿಗೆ ಬಂತು. ಕಾಲು ಹಿಂದಕ್ಕೆ ತೆಗೆದೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿ ನೆನಪಿದೆ. ಆದರೆ ಎತ್ತಿದ ಕಾಲು ತೆಗೆಯುವ ಮೊದಲು ಒಮ್ಮೆ ಇಳಿದಿತ್ತೋ ಇಲ್ಲವೋ, ಅದು ನೆನಪಿಲ್ಲ. ಅತ್ತೆ ನನ್ನ ಮೊಣಕೈಯನ್ನು ಕೆಳಕ್ಕೆ ಒತ್ತುತ್ತಿದ್ದುದು ನೆನಪಿದೆ. ಹಿಮ್ಮಡಿಗೆ ತಣ್ಣಗೆ ಏನೋ ತಾಗಿದ್ದು ನೆನಪಿದೆ. ಅದು ಅವರ ಬೆವರೋ, ನೀರು ಚಿಮುಕಿಸಿದ ಮಣ್ಣೋ. ಆಮೇಲೆ ನೋಡಿಕೊಂಡಾಗ ಹಿಮ್ಮಡಿಯಲ್ಲಿ ಮಣ್ಣಿತ್ತು. ಆದರೆ ಅಂದು ಎಲ್ಲರ ಹಿಮ್ಮಡಿಯಲ್ಲೂ ಮಣ್ಣಿತ್ತು.

ಕಣಕಾಲು ಹಿಡಿದಿದ್ದ ಹಾನುಬಾಳಿನ ಆಟಗಾರ ಆಗಲೇ ಇವರ ಭುಜಕ್ಕೆ ಕೈ ಹಾಕಿ, “ಎಬ್ಬಿಸಿ ಕೂರ್ಸಿ, ನೀರು ಕೊಡಿ” ಎನ್ನುತ್ತಿದ್ದ. ನಾನು ಅವನ ಕೈಯನ್ನು ತಳ್ಳಿದೆ. “ಯಾರಾದ್ರೂ ಮುಟ್ಟಿದ್ರೆ ಕೈ ಮುರಿದು ಹಾಕ್ತೀನಿ” ಎಂದು ಕೂಗಿದೆ. ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ಮುಂದಿನದನ್ನೆಲ್ಲ ನಾನೇ ಮಾಡಿಸಿದೆ. ಸ್ಟೋರಿನ ಬಾಗಿಲನ್ನು ಕೀಲಿನಿಂದ ಕಳಚಿಸಿದೆ. ಅಂಕಣದ ಅದೇ ಮಣ್ಣನ್ನು ಎರಡು ಗೋಣಿಚೀಲಕ್ಕೆ ಅರ್ಧರ್ಧ ತುಂಬಿಸಿದೆ. ಆರು ಜನ ಒಟ್ಟಿಗೆ ಮೈ ಹೊರಳಿಸುವಾಗ ತಲೆಯನ್ನು ನಾನು ಹಿಡಿದೆ. ಮೈ ತಿರುಗಿದಷ್ಟೇ ತಲೆಯೂ ತಿರುಗಬೇಕು, ಒಂದು ಎಳೆ ಹೆಚ್ಚು ಕಡಿಮೆ ಆಗಬಾರದು. ಬಾಗಿಲ ಮೇಲೆ ಅಂಗಾತ ಮಲಗಿಸಿ, ತಲೆಯ ಎರಡೂ ಪಕ್ಕಕ್ಕೆ ಮಣ್ಣಿನ ಚೀಲ ಒತ್ತಿ, ಪಂಚೆಯಿಂದ ಬಾಗಿಲಿಗೆ ಕಟ್ಟಿದೆವು. ಬಾಗಿಲು ಎಸ್ಟೇಟ್ ಜೀಪಿನ ಹಿಂಬದಿಗಿಂತ ಉದ್ದವಿತ್ತು. ಅವರ ಪಾದಗಳು ಹಿಂದೆ ಹೊರಕ್ಕೆ ಚಾಚಿಕೊಂಡಿದ್ದವು. ನಾನು ಮಂಡಿಯೂರಿ ಕೂತು ತಲೆ ಹಿಡಿದುಕೊಂಡೆ. ಹಾನುಬಾಳಿನವನು ಹಿಂದಿನ ಮೆಟ್ಟಿಲ ಮೇಲೆ ನಿಂತು ಅಳುತ್ತಲೇ ಬಾಗಿಲು ಜಾರದಂತೆ ಹಿಡಿದಿದ್ದ.

ಬೇಗ ಹೋಗಿ, ಬೇಗ ಹೋಗಿ ಎಂದು ಎಲ್ಲರೂ ಕೂಗಿದರು. ನಾನು ಡ್ರೈವರಿಗೆ ನಡೆದು ಹೋಗುವ ವೇಗದಲ್ಲಿ ಹೋಗು ಎಂದೆ.

“ಹಿಂಗೋದ್ರೆ ಸಕಲೇಶಪುರ ಸೇರೋದು ನಾಳೆಗೆ ಆಗುತ್ತೆ ಕಣಕ್ಕಾ!”

“ನಾಡಿದ್ದಾಗ್ಲಿ. ಗುಂಡಿ ಬಂದ್ರೆ ನಿಲ್ಸು. ನಂಗೆ ಹೇಳು. ಆಮೇಲೆ ಇಳ್ಸು.”

ಇಳಿಜಾರು, ತಿರುವು, ಕಿತ್ತುಹೋದ ಜಲ್ಲಿ. ಡ್ರೈವರ್ “ಗುಂಡಿ ಅಕ್ಕಾ” ಅನ್ನುತ್ತಿದ್ದ, ನಾನು ತಲೆಯನ್ನು ಬಿಗಿ ಹಿಡಿಯುತ್ತಿದ್ದೆ, ಚಕ್ರ ಮೆಲ್ಲಗೆ ಇಳಿದು ಹತ್ತುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಇವರು ಕಣ್ಣು ಬಿಟ್ಟರು.

“ಎಷ್ಟಾಗಿತ್ತೇ ಪಾಯಿಂಟು?”

“ಎರಡೂ ಸಮ.”

“ಸುಳ್ಳು ಹೇಳ್ಬೇಡ. ನಾ ಔಟಾಗಿದ್ದು ಬರೆದಿಲ್ವಾ? ಅವ್ರಿಗೊಂದು ಜಾಸ್ತಿ.”

ಹಿಂದಿನಿಂದ ಹಾನುಬಾಳಿನವನು, “ಬ್ಯಾಡ ರೈಟ್ರೆ, ಆ ಪಾಯಿಂಟ್ ಬ್ಯಾಡ ನಮ್ಗೆ” ಎಂದು ಇನ್ನೂ ಜೋರಾಗಿ ಅತ್ತ.

“ಲೋ, ಅಳು ನಿಲ್ಸಿ ಬಾಗ್ಲು ಗಟ್ಟಿಯಾಗಿ ಹಿಡ್ಕೊ ಮಾರಾಯ. ಕಾಲು ಹಿಡಿಯೋದ್ರಲ್ಲಿದ್ದ ಜೋರು ಇದ್ರಲ್ಲೂ ತೋರ್ಸು” ಎಂದರು ಇವರು.

ಸಕಲೇಶಪುರದಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿ, ಬಾಗಿಲ ಸಮೇತ ಆಂಬುಲೆನ್ಸಿನಲ್ಲಿ ಘಾಟಿ ಇಳಿಸಿ ಮಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಎಕ್ಸ್‌ರೇ ಚಿತ್ರ ನೋಡಿ ಹೇಳಿದರು: ಕುತ್ತಿಗೆಯ ಒಂದು ಮೂಳೆ ಬಿರುಕು ಬಿಟ್ಟಿದೆ, ಒಳಗಿನ ನರಕ್ಕೆ ಪೆಟ್ಟಾಗಿದೆ, ಆದರೆ ಕಡಿದಿಲ್ಲ. ಕಾಲು ಬರುತ್ತದೆ. ಕೈ ಎಷ್ಟು ಬರುತ್ತದೋ ಈಗ ಹೇಳಲಾಗದು. ಬಾಗಿಲು, ಮಣ್ಣಿನ ಚೀಲ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. ಒಳ್ಳೆಯ ಕೆಲಸ ಮಾಡಿದ್ದೀರಿ ಎಂದರು. ಆಮೇಲೆ ಕಾಗದದ ಮೇಲೆ ಪೆನ್ನಿಟ್ಟುಕೊಂಡು ಕೇಳಿದರು:

“ಬಿದ್ದ ಮೇಲೆ ಯಾರಾದರೂ ಕುತ್ತಿಗೆ ಒತ್ತಿದ್ರಾ? ಎಳೆದಿದ್ರಾ?”

“ಇಲ್ಲ ಸರ್” ಎಂದೆ.

ಅದನ್ನೂ ಅವರು ಬರೆದುಕೊಂಡರು.

ತಲೆಬುರುಡೆಯ ಎರಡು ಬದಿಗೆ ಕೊಕ್ಕೆ ಹಾಕಿ, ಹಗ್ಗಕ್ಕೆ ತೂಕ ಇಳಿಬಿಟ್ಟು, ನಲವತ್ತು ದಿನ ಹಾಗೇ ಮಲಗಿಸಿದರು. ನೋಡಲು ಸೂರು ಬಿಟ್ಟರೆ ಬೇರೆ ಇಲ್ಲದ ಆ ನಲವತ್ತು ದಿನಗಳಲ್ಲಿ ಇವರು ನನಗೆ ತಮ್ಮ ಆಟದ ಕಥೆ ಹೇಳಿದರು. ಆರು ವರ್ಷದ ಸಂಸಾರದಲ್ಲಿ ಹೇಳದಿದ್ದುದೆಲ್ಲ ಆಗ ಬಂತು.

ಹೈಸ್ಕೂಲಿನಲ್ಲಿದ್ದಾಗ ಭತ್ತ ಕೊಯ್ದ ಕೂಳೆ ಗದ್ದೆಯಲ್ಲಿ ಬರಿಗಾಲಲ್ಲಿ ಆಡಿ ಅಂಗಾಲಿನ ಚರ್ಮ ಎದ್ದಿತ್ತಂತೆ. ಮನೆಯಲ್ಲಿ ಬೈಯುತ್ತಾರೆಂದು ಒಂದು ವಾರ ತುದಿಗಾಲಲ್ಲೇ ನಡೆದರಂತೆ. ಹದಿನೇಳಕ್ಕೆ ಹೋಬಳಿ ತಂಡ, ಆಮೇಲೆ ತಾಲ್ಲೂಕು, ಆಮೇಲೆ ದಸರಾ ಆಟಕ್ಕೆ ಜಿಲ್ಲೆಯ ತಂಡ. ದಪ್ಪ ಆಳಲ್ಲ, ಎತ್ತರವೂ ಇಲ್ಲ. ಇದ್ದುದು ಕೈಯೊಂದೇ. ಅವರ ಬೆರಳು ತಾಗಿದ್ದು ಎದುರಾಳಿಗೇ ಗೊತ್ತಾಗುತ್ತಿರಲಿಲ್ಲ. ಸೀಟಿ ಊದಿ ಹೊರಗೆ ಕಳಿಸಿದಾಗ, “ಯಾವಾಗ ಮುಟ್ಟಿದ್ಯೋ?” ಎಂದು ಜಗಳಕ್ಕೆ ಬರುತ್ತಿದ್ದರಂತೆ. ಮೂಲೆಯವನು ಉಸಿರು ಹೊರಗೆ ಬಿಟ್ಟಾಗ ಅವನ ಭುಜ ಒಂದಿಷ್ಟು ಇಳಿಯುತ್ತದೆ, ಆಗ ಮುಟ್ಟಬೇಕು, ಅದಕ್ಕೆ ಕಣ್ಣಿಗಿಂತ ಬೆರಳಿನ ತುದಿಗೇ ಮೊದಲು ತಿಳಿಯುತ್ತದೆ ಎಂದರು. ಆ ಬೆರಳುಗಳು ಹಾಸಿಗೆಯ ಮೇಲೆ ಒಣಗಿದ ಎಲೆಯಂತೆ ಮಡಚಿಕೊಂಡಿದ್ದವು.

ನಮ್ಮ ಅಡುಗೆಮನೆಯ ಅರ್ಧ ಪಾತ್ರೆಗಳು ಬಂದದ್ದು ಕಬಡ್ಡಿಯಿಂದ. ಸ್ಟೀಲ್ ಕೊಡ, ಎರಡು ಬೋಗುಣಿ, ಒಂದು ಡಜನ್ ಲೋಟ. ಗೋಡೆ ಗಡಿಯಾರವೂ ಹಾಗೆ ಗೆದ್ದದ್ದೇ. ರಾಜ್ಯ ತಂಡದ ಶಿಬಿರಕ್ಕೂ ಒಮ್ಮೆ ಕರೆ ಬಂದಿತ್ತು. ನಾಲ್ಕನೇ ದಿನ ವಾಪಸು ಬಂದಿದ್ದರು. “ಅಲ್ಲಿ ಅಕ್ಕಿರೊಟ್ಟಿ ಸಿಗ್ಲಿಲ್ಲ ಕಣೇ” ಎಂದೇ ನನಗೆ ಮೊದಲಿನಿಂದ ಹೇಳಿದ್ದರು. ಆಸ್ಪತ್ರೆಯಲ್ಲಿ ನಿಜ ಹೇಳಿದರು. ಅಲ್ಲಿ ಒಬ್ಬ ಆಟಗಾರ ಇವರ ಬೆರಳು ತಾಗಿದ್ದನ್ನು ಮೂರು ಸಲವೂ ಸರಿಯಾಗಿ ಹೇಳಿದನಂತೆ. ನನಗಿಂತ ಚುರುಕಾದ ಚರ್ಮದವರು ಇದ್ದಾರೆ ಎಂದು ಅಂದೇ ಗೊತ್ತಾಯಿತು, ಆ ರಾತ್ರಿಯ ಬಸ್ಸು ಹತ್ತಿಬಿಟ್ಟೆ ಎಂದರು. ಬಿಟ್ಟು ಬಂದದ್ದಕ್ಕೆ ನಾಚಿಕೆ ಇತ್ತಂತೆ. “ಈ ಸಲ ಬಿಟ್ಟು ಬರೋನಲ್ಲ. ನೋಡ್ತಿರು” ಎಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಾಗ ಮಳೆ ಶುರುವಾಗಿತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ರಾತ್ರಿಯೂ ಅಷ್ಟೆ. ಗೋಡೆಯ ಬಹುಮಾನದ ಗಡಿಯಾರ ನೋಡಿ ಏಳುತ್ತಿದ್ದೆ. ಹಗಲು ನಾನು ರೈಟರ್ ಆದೆ. ಹಾಜರಿ ಪುಸ್ತಕ ಹಿಡಿದು ಆಳುಗಳ ಲೈನ್ ಮನೆಗಳ ಮುಂದೆ ನಿಂತಾಗ ಮೊದಲ ದಿನ ಹೆಂಗಸರು ನಕ್ಕರು, ಎರಡನೆಯ ದಿನ ಗಂಡಸರು ತಡವಾಗಿ ಬಂದರು. ಮೂರನೆಯ ದಿನ ತಡವಾಗಿ ಬಂದವರಿಗೆ ಅರ್ಧ ದಿನ ಹಾಕಿದೆ. ಆಮೇಲೆ ಯಾರೂ ತಡ ಮಾಡಲಿಲ್ಲ.

ಡಾಕ್ಟರು ಹೇಳಿದಂತೆ ಕಾಲು ಮೊದಲು ಬಂತು. ಕೈಗೆ ಅಭ್ಯಾಸ ಬೇಕಿತ್ತು. ನಾನು ಮೊರದಲ್ಲಿ ಕರಿಮೆಣಸಿನ ಕಾಳು ಹರಡಿ ಪಕ್ಕದಲ್ಲಿ ಗೆದ್ದ ಲೋಟ ಇಡುತ್ತಿದ್ದೆ. ಅದು ನಮ್ಮಲ್ಲಿ ಬೇಕಾದಷ್ಟಿತ್ತು. ಒಂದೊಂದೇ ಕಾಳು ಹೆಕ್ಕಿ ಲೋಟಕ್ಕೆ ಹಾಕಬೇಕು. ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನಾಲ್ಕು ಕಾಳು. ಐದನೆಯದು ಉರುಳಿ ಹೋದಾಗ ಮೊರವನ್ನೇ ಮೊಣಕೈಯಿಂದ ತಳ್ಳಿಬಿಟ್ಟರು. ನಾನು ಗುಡಿಸಿ, ಆರಿಸಿ, ಮತ್ತೆ ಮುಂದಿಟ್ಟೆ.

“ನಿಂಗೆ ಕರುಣೆ ಅನ್ನೋದೇ ಇಲ್ವೇನೇ?”

“ಇಲ್ಲ. ಐದು.”

“ನಿನ್ನಂತೋಳು ನಮ್ ತಂಡದ ಕೋಚ್ ಆಗಿದ್ದಿದ್ರೆ ನಾನು ಶಿಬಿರಕ್ಕೆ ಹೋಗೋ ಮೊದ್ಲೇ ಓಡೋಗಿರ್ತಿದ್ದೆ.”

ದೀಪಾವಳಿ ಹೊತ್ತಿಗೆ ಲೋಟದ ತಳ ಮುಚ್ಚುತ್ತಿತ್ತು. ಮುಂದಿನ ಕೊಯ್ಲಿಗೆ ಅರ್ಧ ಲೋಟ. ಎಡಗೈ ಪೂರ್ತಿ ಬಂತು. ಬಲಗೈಯ ತೋರುಬೆರಳು ಮಾತ್ರ ಮಡಚಿದ್ದು ಬಿಚ್ಚಲು ಹಟ ಮಾಡಿತು. ಅಂಕಣಕ್ಕೆ ಇಳಿಯುವ ಮಾತನ್ನು ಅವರು ಒಂದೇ ಒಂದು ಸಲ ಎತ್ತಿದರು. ನಾನು ಉತ್ತರ ಕೊಡದೆ ಕುತ್ತಿಗೆಪಟ್ಟಿ ತಂದು ಅವರ ಮಡಿಲಲ್ಲಿಟ್ಟೆ. ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, “ಸರಿ, ಸೀಟಿ ಊದ್ತೀನಿ” ಎಂದರು. ಅವರ ಆಟ ಮುಗಿದದ್ದು ಆ ಮಾತಿನಿಂದ. ಆದರೆ ಸೀಟಿ ಊದುವವನು ಒಂದು ಅಂಕ ಎಂದು ತೋರಿಸಲು ಒಂದು ಬೆರಳು ನೆಟ್ಟಗೆ ಎತ್ತಬೇಕು. ಆ ಬೆರಳು ಮುಕ್ಕಾಲು ಪಾಲು ನೆಟ್ಟಗಾಗಲು ಇನ್ನೂ ಒಂದು ವರ್ಷ ಹಿಡಿಯಿತು. ಒಲೆಯ ಮುಂದೆ ಕೂತು, ಎಡಗೈಯಿಂದ ಬಿಡಿಸಿ, ಬಿಟ್ಟು, ಮತ್ತೆ ಬಿಡಿಸಿ.

ನನ್ನದೂ ಒಂದು ಹಟವಿತ್ತು. ನನ್ನ ಕಾಲನ್ನು ಯಾರ ಬೆನ್ನಿಗೂ ಎತ್ತುವುದಿಲ್ಲ ಎಂದು ಹೇಳಿಬಿಟ್ಟೆ. ಸೋಮವಾರದ ಗಿರಾಕಿಗಳು ಮುನಿಸಿಕೊಂಡರು. ದೊಡ್ಡ ಕಾಲೇಜಿನ ಸೊಕ್ಕು ಈಗ ಬಂತು ನೋಡು ಎಂದು ಅತ್ತೆ ನನಗೆ ಕೇಳುವಂತೆಯೇ ಅಂದರು. ಇನ್ನೊಂದು, ಇವರು ಸೀಟಿ ಊದುವ ಯಾವ ಅಂಕಣದ ಪಕ್ಕದಲ್ಲೂ ಒಂದು ಉದ್ದ ಹಲಗೆ, ಎರಡು ಮಣ್ಣಿನ ಚೀಲ ಇರಲೇಬೇಕು. ಇಲ್ಲದಿದ್ದರೆ ಪಂದ್ಯವಿಲ್ಲ. ಜೀಪಿನ ಮೇಲೆ ಹಲಗೆ ಕಟ್ಟಿಕೊಂಡು ಹೋಗುತ್ತಿದ್ದೆವು. “ರೈಟ್ರು ಬಂದ್ರು ಕಣ್ರೋ, ಚಟ್ಟನೂ ತಂದ್ರು!” ಎಂದು ಎಲ್ಲ ಕಡೆ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಆ ಸಂಜೆ ನನ್ನನ್ನು ಬಿಡಲಿಲ್ಲ. ಮಗ್ಗುಲು ಬದಲಿಸುವ ಅಗತ್ಯ ತೀರಿ ಎಷ್ಟೋ ಕಾಲವಾಗಿತ್ತು. ಎರಡೆರಡು ಗಂಟೆಗೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಎಚ್ಚರವಾದಾಗ ಎಡಗಾಲು ಎತ್ತಿದಲ್ಲಿಂದ ಶುರು. ನೆರಿಗೆ ಹಿಡಿದ ಕೈ, ಅತ್ತೆಯ ಒತ್ತು, ತಣ್ಣಗೆ ತಾಗಿದ್ದು. ಒಂದು ಸಲ ಕಾಲು ತಾಗಿತು ಅನ್ನಿಸುತ್ತಿತ್ತು, ಇನ್ನೊಂದು ಸಲ ಇಲ್ಲ. ತಾಗಿದ್ದರೆ, ಆ ತೋರುಬೆರಳು ಪೂರ್ತಿ ನೆಟ್ಟಗಾಗದಿರಲು ನಾನೇ ಕಾರಣ. ಪಕ್ಕದಲ್ಲಿ ಅವರಿಗೂ ಎಚ್ಚರವಿರುತ್ತಿತ್ತು, ಉಸಿರಿನಿಂದ ತಿಳಿಯುತ್ತಿತ್ತು. ಇಬ್ಬರೂ ನಿದ್ದೆ ಬಂದವರಂತೆ ಮಲಗಿರುತ್ತಿದ್ದೆವು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಹೀಗೆ ಐದು ವರ್ಷ.

ಬೆಳಗೋಡಿನಲ್ಲಿ ಒಂದು ಭಾನುವಾರ ಪಂದ್ಯವಿತ್ತು. ಭತ್ತ ಕೊಯ್ದ ಮೆತ್ತನೆಯ ಗದ್ದೆ. ಇವರ ಬಾಯಲ್ಲಿ ಸೀಟಿ, ನನ್ನ ಕೈಯಲ್ಲಿ ಗಡಿಯಾರ. ಮೂರು ಗಂಟೆಯ ಸುಮಾರಿಗೆ ದಾಳಿಗೆ ಹೋದ ಗಟ್ಟಿ ಆಳೊಬ್ಬ ಹಿಡಿತದಲ್ಲಿ ಪಲ್ಟಿಯಾಗಿ ಹೆಗಲ ಮೇಲೆ ಬಿದ್ದ. ಅಲ್ಲೇ ಬೋರಲಾಗಿ ಮಲಗಿ ನರಳಿದ. ಇವರು ಸೀಟಿ ಊದುತ್ತ ಓಡಿದರು. ಕೈಗಳನ್ನು ಅಗಲಿಸಿ, “ಯಾರೂ ಮುಟ್ಬ್ಯಾಡಿ! ಹಲಗೆ ತನ್ನಿ!” ಎಂದು ಕೂಗಿದರು.

“ಏನ್ ರೈಟ್ರೆ, ಉಳುಕಿದ್ದಕ್ಕೆಲ್ಲಾ ಚಟ್ಟ ಕಟ್ಟನಾ?” ಎಂದು ಯಾರೋ ಅಂದರು. ಗುಂಪು ನಕ್ಕಿತು. ಬದುವಿನ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ಎದ್ದು ನನ್ನ ಕಡೆ ಬೆರಳು ತೋರಿಸಿದರು.

“ಅಲ್ಲಾ, ಕಾಲ್ ಮುಂದಾಗಿ ಹುಟ್ಟಿದ್ ಹೆಣ್ಮಗಳು ಇಲ್ಲೇ ಅವ್ರೆ. ಒಂದ್ಸಲ ಮುಟ್ಸಿದ್ರೆ ಮುಗೀತು. ಯಾಕವ್ವ, ಕಾಲೇನ್ ಸವೆದೋಗುತ್ತಾ?”

ಐದಾರು ಜನ ಹೌದು ಹೌದು ಎಂದರು. ಮತ್ತೆ ನನಗೆ ದಾರಿ ಬಿಟ್ಟರು, ಆ ಸಂಜೆ ಬಿಟ್ಟಂತೆಯೇ. ನಾನು ಆ ದಾರಿಯಲ್ಲಿ ನಡೆದು ಹೋಗಿ ಬಿದ್ದವನ ತಲೆಯ ಹತ್ತಿರ ಮಂಡಿಯೂರಿದೆ. ಎರಡೂ ಕೈಯಲ್ಲಿ ಅವನ ತಲೆಯನ್ನು ಅಲುಗದಂತೆ ಹಿಡಿದೆ. ಹಿಡಿದುಕೊಂಡೇ ಮಾತಾಡಿದೆ.

“ಒಂದ್ಸಲ ಎತ್ತಿದ್ದೀನಿ ಅಜ್ಜ, ಕುತ್ತಿಗೆ ಮುರಿದೋರ ಮೇಲೆ. ನನ್ ಗಂಡನ ಮೇಲೇ. ತಾಗ್ತೋ ಇಲ್ವೋ ಇವತ್ತಿಗೂ ನಂಗೊತ್ತಿಲ್ಲ. ಡಾಕ್ಟ್ರು ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳ್ದೆ. ಅವ್ರ ಬೆರಳು ನೋಡಿ. ನೋಡಿ, ಆಮೇಲೆ ಹೇಳಿ, ಇವನಿಗೂ ಎತ್ತಬೇಕಾ ಅಂತ.”

ನಾನು ಗಂಡನ ಮುಖ ನೋಡಲಿಲ್ಲ. ಅವರು, “ಆರು ಜನ ಬನ್ನಿ, ನಾನು ಮೂರು ಅಂದಾಗ ಹೊರಳಿಸಿ” ಎಂದದ್ದು ಕೇಳಿಸಿತು. ಮೊದಲು ಬಂದು ಬಗ್ಗಿದವರು ಆ ಹಿರಿಯರೇ.

ಸಕಲೇಶಪುರದಲ್ಲಿ ಚಿತ್ರ ತೆಗೆಸಿದಾಗ ಆ ಆಟಗಾರನಿಗೆ ಹೆಗಲಿನ ಮೂಳೆ ಸರಿದಿದ್ದುದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅವನನ್ನು ಮನೆಯವರಿಗೆ ಒಪ್ಪಿಸಿ ನಾವು ಜೀಪು ಹತ್ತಿದೆವು. ಹಲಗೆ ಮೇಲೆ ಗಡಗಡ ಅನ್ನುತ್ತಿತ್ತು. ಪೇಟೆ ದಾಟಿದ ಮೇಲೆ ನಾನೇ, “ಹೇಳ್ಬೇಕಿತ್ತು ನಿಮಗೆ. ಮೊದಲೇ” ಎಂದೆ.

“ನಂಗೊತ್ತಿತ್ತು ಕಣೇ.”

“ಏನು ಗೊತ್ತಿತ್ತು?”

“ಬೋರಲು ಬಿದ್ದಿದ್ನಲ್ಲ, ಮೂಗಿನ ಮುಂದೆ ನಿನ್ ಬಲಗಾಲು ಕಾಣ್ತಿತ್ತು. ಕಾಲುಂಗುರಕ್ಕೆ ಮಣ್ಣು ಮೆತ್ತಿತ್ತು. ಅದೊಂದೇ ಇತ್ತು. ಇನ್ನೊಂದು ಎಲ್ಲೋಯ್ತು ಅಂತ ನೋಡ್ತಿದ್ದೆ.”

ನಾನು ಅವರ ಕಡೆ ತಿರುಗಿದೆ. “ತಾಗಿತಾ?”

“ಯಾರಿಗೊತ್ತು? ಆಗ ಕುತ್ತಿಗೆ ಮೇಲೆ ಆನೆ ನಿಂತಿದ್ರೂ ಗೊತ್ತಾಗ್ತಿರ್ಲಿಲ್ಲ ನಂಗೆ.” ಎಡಗೈಯಿಂದ ಆ ತೋರುಬೆರಳನ್ನು ಬಿಡಿಸಿಕೊಂಡರು. “ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಹೇಳ್ಲಿಲ್ಲ. ಕೇಳಿದ್ರೆ ನೀನು ಮೊರ ಮುಂದಿಡೋದು ಬಿಟ್ಟು ಅಳ್ತಾ ಕೂತ್ಬುಟ್ರೆ ಅಂತ ನಾನೂ ಕೇಳ್ಲಿಲ್ಲ. ನಂಗೆ ಬೆರಳು ಬೇಕಿತ್ತು.”

“ಬೆರಳು ಪೂರ್ತಿ ಬರ್ಲಿಲ್ವಲ್ಲ.”

“ಮಣ್ಣು ಹರಡ್ಸಿದ್ದು ಯಾರು? ಸಿಮೆಂಟ್ ಮೇಲೆ ಆಡೋಣ ಅಂದಿದ್ದು ಯಾರು? ನಿನ್ ಕಾಲೊಂದೇ ಆಡ್ತೇನೇ ಅವತ್ತು?” ಎಂದರು. ಆ ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲಲ್ಲ. ಅವರಿಗೂ ಎರಡೆರಡು ಗಂಟೆಗೊಮ್ಮೆ ಎಚ್ಚರವಾಗುತ್ತಿದ್ದುದು ಯಾವುದಕ್ಕೆಂದು ಆಗ ತಿಳಿಯಿತು. ನಾನು ಕಾಲು ಎತ್ತುತ್ತಿದ್ದ ಹೊತ್ತಿನಲ್ಲಿ ಅವರು ಪಕ್ಕದಲ್ಲಿ ಮಲಗಿ ಮಣ್ಣು ಹರಡಿಸುತ್ತಿದ್ದರು.

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ, “ಗುಂಡಿ ಅಕ್ಕಾ” ಎಂದ. ಹಳೆಯ ಅಭ್ಯಾಸ. ಅವನು ಅದೇ ಡ್ರೈವರ್. ನಾನು ತಿಳಿಯದೆ ಕೈ ಚಾಚಿ ಗಂಡನ ತಲೆ ಹಿಡಿದೆ. “ಬುಡೇ, ಗಟ್ಟಿಯಾಗೈತೆ ಈಗ” ಎಂದರು, ಆದರೆ ತಲೆ ಸರಿಸಿಕೊಳ್ಳಲಿಲ್ಲ.

ಮನೆಗೆ ಬಂದು ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದು ಮಲಗಿದೆವು.

ಬಾಗಿಲು ಬಡಿದ ಸದ್ದಿಗೆ ಕಣ್ಣು ಬಿಟ್ಟೆ. ಬಿಸಿಲು ಕೋಣೆಯ ಅರ್ಧಕ್ಕೆ ಬಂದಿತ್ತು. ಗೋಡೆಯ ಗಡಿಯಾರದಲ್ಲಿ ಎಂಟೂ ಕಾಲು. ರಾತ್ರಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಹಾಜರಿ ಹಾಕಬೇಕಿದ್ದುದು ಏಳೂವರೆಗೆ. ಹೊರಗೆ ಲೈನಿನ ಹೆಂಗಸರ ದನಿ.

“ರೈಟ್ರಮ್ಮಾ! ಏನು, ಇವತ್ತು ರಜನಾ? ತಡವಾಗಿ ಬಂದ್ರೆ ಅರ್ಧ ದಿನ ಹಾಕ್ತೀರಲ್ಲ, ನಿಮಗೆಷ್ಟು ಹಾಕನ?”

ಪಕ್ಕದಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲಿಲ್ಲ. ಹಾಜರಿ ಪುಸ್ತಕ ತೆಗೆದುಕೊಂಡು, ಕೂದಲು ಗಂಟು ಹಾಕಿಕೊಳ್ಳುತ್ತ ಬಾಗಿಲು ತೆರೆದೆ.